ನಮ್ಮ ಮನೆಯವರ ‘ಬಿಲಾಂಗ್’

ದುಃಖದ ಮನೆಯಲ್ಲಿ ನಗಬಾರದು ಎಂದು ಸರಕಾರ ಕಾಯಿದೆ ಮಾಡಿದ್ದರೆ ನಮ್ಮನ್ನೆಲ್ಲ ಎಂದೋ ಹಿಡಿದು ಹುನಗುಂದದ ಕೋರ್ಟಿನಲ್ಲಿ ನಿಲ್ಲಿಸಬೇಕಿತ್ತು. ಎಷ್ಟು ಬೇಡವೆಂದರೂ ಇಂಥ ಪ್ರಸಂಗಗಳು ನಮ್ಮ ಮನೆಯ ವಿಳಾಸ ಕೇಳಿಕೊಂಡು ಬರುತ್ತವೆ. ಕಣ್ಣು ಒರೆಸಿಕೊಳ್ಳಲು ಎತ್ತಿದ ಸೆರಗನ್ನೇ ಬಾಯಿಗೆ ಒತ್ತಿಕೊಂಡು ನಗು ನುಂಗಿದ್ದು ಒಂದೆರಡು ಸಲವಲ್ಲ.

ನಾನು ಇಳಕಲ್ಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮಾಸ್ತರಿಣಿ. ಓಣಿಯವರಿಗೆಲ್ಲ ‘ಅಕ್ಕೋರು’. ಮಾತೇ ನನ್ನ ಕಸುಬು, ಕಸುಬು ಮುಗಿದ ಮೇಲೂ ಚಟ ಹೋಗಲಿಲ್ಲ. ನಮ್ಮ ಮನೆಯವರು ಮಗ್ಗದ ಯಂತ್ರ ರಿಪೇರಿ ಮಾಡುವ ಮೇಸ್ತ್ರಿ. ಕೈಯಲ್ಲಿ ಜಾದೂ ಇತ್ತು, ಬಾಯಲ್ಲಿ ಮಾತು ಇರಲಿಲ್ಲ. “ದೇವರು ಇಬ್ಬರ ಪಾಲಿನ ಮಾತೂ ಅಕ್ಕೋರಿಗೇ ಕೊಟ್ಟುಬಿಟ್ಟಾನ” ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಮಗಳು ಸಣ್ಣವಳಿದ್ದಾಗ ಅವರಿಗೆ ಇಂಡೋನೇಷ್ಯಾದ ಜಾವಾದಲ್ಲಿ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಹೋದರು. ವರ್ಷಕ್ಕೊಮ್ಮೆ ಬರುವುದು, ಮತ್ತೆ ಹೋಗುವುದು. ನಮ್ಮ ಸಂಸಾರದ ಬಹುಪಾಲು ಫೋನಿನಲ್ಲೇ ನಡೆಯಿತು.

ಕೊನೆಗೆ ವಯಸ್ಸಾಯಿತೆಂದು ಕೆಲಸ ಬಿಟ್ಟು ಊರಿಗೆ ಬಂದರು. “ಇನ್ನ ಮ್ಯಾಲ ಎದುರಾಬದುರು ಕುಂತು ಮಾತಾಡೂನ್ರಿ” ಎಂದಿದ್ದೆ. ಅವರು ನಕ್ಕಿದ್ದರು. ಬೇಸಿಗೆ ಮುಗಿಯುವುದರೊಳಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಇದ್ದ ನಾಲ್ಕು ಮಾತೂ ಹೋದವು.

ಈಗ ಅವರಿಲ್ಲ, ಹೋದ ವರ್ಷ ತೀರಿಕೊಂಡರು. ಹಾಸಿಗೆಯಲ್ಲಿದ್ದ ಆ ದಿನಗಳಲ್ಲಿ ನನ್ನ ಆಸೆ ಒಂದೇ ಆಗಿತ್ತು. ಎದ್ದು ನಡೆಯದಿದ್ದರೆ ಬೇಡ, ಕೈ ಬರದಿದ್ದರೆ ಬೇಡ. ನನ್ನ ಮುಖ ನೋಡಿ ಒಂದೇ ಒಂದು ಕನ್ನಡದ ಮಾತು ಆಡಲಿ. ಆ ಒಂದು ಮಾತಿನ ಹಿಂದೆ ಬಿದ್ದು ನಾವು ಪಟ್ಟ ಪಾಡು ಇದು. ನಿಮಗೆ ನಗು ಬಂದರೆ ಸಂಕೋಚಪಡಬೇಡಿ, ನಾವೂ ನಕ್ಕಿದ್ದೇವೆ.

ಪೆನ್ನು, ಗಡಿಯಾರ, ಹೆಂಡತಿ

ಬಾಗಲಕೋಟೆಯ ದವಾಖಾನೆಯಲ್ಲಿ ಅವರಿಗೆ ಎಚ್ಚರವಾದ ಮೇಲೆ ಡಾಕ್ಟರು ಪರೀಕ್ಷೆಗೆ ಬಂದರು. ಮೈಸೂರು ಕಡೆಯ ಹುಡುಗ, ಮಾತು ಪುಸ್ತಕದಿಂದ ಎದ್ದುಬಂದ ಹಾಗೆ. ಜೇಬಿನಿಂದ ಪೆನ್ನು ತೆಗೆದು ತೋರಿಸಿದರು.

“ಯಜಮಾನರೇ, ಇದು ಏನು ಹೇಳಿ?”

ಇವರು ಬಾಯಿ ಅಲ್ಲಾಡಿಸಿದರು. ತುಟಿ ಒಂದು ಕಡೆ ಜೋತುಬಿದ್ದಿತ್ತು. ಬಹಳ ಕಷ್ಟಪಟ್ಟು ಒಂದು ಶಬ್ದ ಹೊರಗೆ ಬಂತು: “ಬಿಲಾಂಗ್.”

ಡಾಕ್ಟರು ಗಡಿಯಾರ ತೋರಿಸಿದರು. “ಇದು?”

“ಬಿಲಾಂಗ್.”

ಕಡೆಗೆ ನನ್ನ ಕಡೆ ಬೆರಳು ಮಾಡಿದರು. “ಇವರು ಯಾರು?”

ಪೆನ್ನಿನ ಹೆಸರು ಮರೆಯಲಿ, ಗಡಿಯಾರದ ಹೆಸರು ಮರೆಯಲಿ, ನನ್ನದು ಬರುತ್ತದೆ ಎಂದು ಕಾದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ತುಂಬಿತು.

“ಬಿಲಾಂಗ್” ಎಂದರು.

ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ಹೀಗಾದಾಗ ಕೆಲವರಿಗೆ ಯಾವುದೋ ಒಂದೇ ಶಬ್ದ ಉಳಿದುಬಿಡುತ್ತದೆ, ಅದು ಯಾವುದು ಉಳಿಯುತ್ತದೆಂದು ಯಾರ ಕೈಯಲ್ಲೂ ಇಲ್ಲ ಎಂದರು ಡಾಕ್ಟರು. ಇವರು ಜಾವಾದಲ್ಲಿದ್ದದ್ದು ಕೇಳಿ, ಇದು ಅಲ್ಲಿಯ ಭಾಷೆಯ ಶಬ್ದ ಇರಬೇಕೆಂದು ಅವರೇ ಊಹಿಸಿದರು.

“ಡಾಕ್ಟರ, ಪೆನ್ನಿಗೂ ನನಗೂ ಒಂದ ಹೆಸರು ಕೊಟ್ಟಾರಲ್ರಿ” ಎಂದೆ, ಅಳುತ್ತಲೇ.

ಆ ಹುಡುಗ ಸಮಾಧಾನ ಮಾಡುವ ಭರದಲ್ಲಿ, “ಬೇಸರ ಮಾಡ್ಕೋಬೇಡಿ ಅಮ್ಮಾ, ಪೆನ್ನು ನೋಡಿ ಅವರು ಅಳಲಿಲ್ಲ” ಎಂದ.

ಮಾತಾಡ್ಸಾಕ ಬಂದವರು

ನಮ್ಮ ಕಡೆ ಯಾರಾದರೂ ಜಡ್ಡಿನಲ್ಲಿ ಬಿದ್ದರೆ ‘ಮಾತಾಡ್ಸಾಕ’ ಹೋಗುವ ಪದ್ಧತಿ. ನೋಡಲು ಹೋಗುವುದಲ್ಲ, ಮಾತಾಡಿಸಲು ಹೋಗುವುದು. ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ ಹಿಡಿದುಕೊಂಡು ಬಂದು ಹಾಸಿಗೆಯ ಪಕ್ಕ ಕೂತು ನಾಲ್ಕು ಮಾತಾಡಿಸದಿದ್ದರೆ ಋಣ ತೀರುವುದಿಲ್ಲ. ಮಾತೇ ಹೋದವನನ್ನು ಮಾತಾಡಿಸುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಇಳಕಲ್ಲಿಗೆ ಇಳಕಲ್ಲೇ ಬಂತು.

ಬಂದವರು ಮೊದಲು ಜೋರಾಗಿ, “ಹೆಂಗದೀರಿ ಮೇಸ್ತ್ರಿ?” ಎನ್ನುವರು. ಇವರು “ಬಿಲಾಂಗ್” ಎನ್ನುವರು. ಬಂದವರು ಗಾಬರಿಯಾಗಿ ನನ್ನ ಮುಖ ನೋಡುವರು. ಆಮೇಲೆ ಸುಮ್ಮನೆ ಕೂರಲಾಗದೆ ತಮ್ಮ ತಮ್ಮ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಸೊಸೆಯ ಕಾಟ ಹೇಳಿಕೊಂಡು ಹಗುರಾಗಿ ಎದ್ದು ಹೋಗುವರು. ನಾನು ಅಡುಗೆಮನೆ ಸೇರುತ್ತಿದ್ದೆ. ಇವರ ಎದುರಿಗೆ ಬಾಯಿ ತೆಗೆಯುವುದೇ ನನಗೆ ತಪ್ಪು ಎನ್ನಿಸತೊಡಗಿತ್ತು. ಊಟವಿಲ್ಲದವನ ಮುಂದೆ ಕೂತು ಉಂಡ ಹಾಗೆ ಆಗುತ್ತಿತ್ತು.

ಒಂದು ದಿನ ಕೆಳಗಿನ ಓಣಿಯಿಂದ ಒಬ್ಬ ಅಜ್ಜ ಬಂದ. ಇವರ ತಂದೆಯ ಗೆಳೆಯ, ಕಿವಿ ಪೂರ್ತಿ ಹೋಗಿದೆ. ಮಗನ ಕೈ ಹಿಡಿದು ಬಂದವನು ಮಗನನ್ನು ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದ. ಹೊರಗೆ ನನಗೆ ಅಜ್ಜನ ದನಿ ಕೇಳುತ್ತಿತ್ತು, ನಡುನಡುವೆ “ಬಿಲಾಂಗ್, ಬಿಲಾಂಗ್” ಕೇಳುತ್ತಿತ್ತು. ಅಜ್ಜ ಒಮ್ಮೆ ಹೋಹೋ ಎಂದು ನಕ್ಕ. ಒಮ್ಮೆ “ಅದು ಖರೆ ಅನ್ನು” ಎಂದ. ಚಹಾ ಆರಿ ಹೋಯಿತು, ಅಜ್ಜ ಏಳಲಿಲ್ಲ.

ಹೊತ್ತು ಇಳಿದ ಮೇಲೆ ಹೊರಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟ.

“ಯವ್ವಾ, ಮಂದಿ ಮಾತು ಕೇಳಿ ನೀ ಸುಮ್ಮನ ಅಳಬ್ಯಾಡ. ಹುಡುಗ ಮೊದಲಿನಕಿಂತ ಚಲೋ ಮಾತಾಡಾಕತ್ತಾನ.”

ಗಿಳಿ ಕಚ್ಚಿದ ಹಣ್ಣು

ನನ್ನ ನಾದಿನಿ, ಅಂದರೆ ಇವರ ಅಕ್ಕ, ಗುಳೇದಗುಡ್ಡದವಳು. ಕುಪ್ಪಸದ ಖಣ ನೇಯುವ ಮಗ್ಗದ ಮೇಲೆ ಕೂತು ಕೂತು ಬೆನ್ನು ಬಾಗಿದೆ, ಬಾಯಿ ಮಾತ್ರ ಬಾಗಿಲ್ಲ. ತಮ್ಮನಿಗೆ ಹೀಗಾಯಿತೆಂದು ಕೇಳಿ ಮಗ್ಗಕ್ಕೆ ಅರಿವೆ ಮುಚ್ಚಿ, ಗಂಟು ಕಟ್ಟಿಕೊಂಡು ಬಂದು ನಮ್ಮ ಮನೆಯಲ್ಲೇ ಉಳಿದಳು. ಬಂದ ದಿನವೇ ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ಕಲೆಸಿ ಇವರ ನಾಲಿಗೆಗೆ ತಿಕ್ಕಿದಳು.

“ಇಂವ ಸಣ್ಣಾಂವ ಇದ್ದಾಗ ಮಾತು ಬರೂದು ತಡಾ ಆಗಿತ್ತು. ಆವಾಗೂ ನಾನ ತಿಕ್ಕಿದ್ದೆ. ಈಗೂ ನಾನ ತಿಕ್ಕತೇನಿ” ಎಂದಳು. ಇವರು ಸಣ್ಣ ಹುಡುಗನ ಹಾಗೆ ನಾಲಿಗೆ ಚಾಚಿಕೊಂಡು ಕೂತಿದ್ದರು. ನೋಡಲಾಗದೆ ನಾನು ಎದ್ದು ಹಿತ್ತಲಿಗೆ ಹೋದೆ.

ಬಜೆ ಮುಗಿಯಿತು. ತುಳಸಿಗೇರಿ ಹಣಮಪ್ಪನಿಗೆ ಹರಕೆ ಹೊತ್ತು, ಗುಡಿಯ ಗಂಟೆಯ ಮೇಲೆ ಸುರುವಿದ ನೀರನ್ನು ಬಾಟಲಿಯಲ್ಲಿ ಹಿಡಿದು ತಂದು ಕುಡಿಸಿದ್ದಾಯಿತು. ಗಂಟೆಯಂಥ ದನಿ ಬರುತ್ತದಂತೆ. ದನಿ ಬಂತು, ಶಬ್ದ ಅದೇ ಬಿಲಾಂಗ್. ಆಮೇಲೆ ಯಾರೋ ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬರುತ್ತದೆಂದು ಹೇಳಿದರು. ನಾದಿನಿ ಬಸ್ಸು ಹತ್ತಿ ಬಾದಾಮಿಗೆ ಹೋದಳು.

ಬಸ್‌ಸ್ಟ್ಯಾಂಡಿನ ಹೊರಗೆ ಪೇರಲ ಹಣ್ಣು ಮಾರುವವನ ಬುಟ್ಟಿಯನ್ನೆಲ್ಲ ಕೆದರಿದಳಂತೆ.

“ಯಜ್ಜೀ, ಏನ್ ಹುಡಕಾಕತ್ತಿ? ಎಲ್ಲಾ ಚಲೋ ಹಣ್ಣ ಅದಾವು.”

“ಚಲೋವು ನನಗ ಬ್ಯಾಡೋ ಯಪ್ಪಾ. ಗಿಳಿ ಕಚ್ಚಿದ್ದು ಕೊಡು.”

“ಗಿಳಿ ಕಚ್ಚಿದ್ದು ತೋಟದಾಗ ಆರಿಸಿ ಒಗದ ಬಂದೇನಿ. ಅಂಥಾವು ಯಾರ್ ತೊಗೋತಾರ?”

ಇವಳು ಅಲ್ಲೇ ಕೂತು ತಮ್ಮನ ಕಥೆ ಹೇಳಿ ಗಳಗಳ ಅತ್ತಿದ್ದಾಳೆ. ಅವನಿಗೂ ಕಣ್ಣಲ್ಲಿ ನೀರು ಬಂದಿದೆ. “ತಡಿ ಯಜ್ಜಿ, ಇನ್ನೊಂದು ಬುಟ್ಟಿ ಐತಿ, ನೋಡ್ತೇನಿ” ಎಂದು ಗೋಡೆಯ ಹಿಂದೆ ಹೋಗಿ ಒಂದು ಕಚ್ಚಿದ ಹಣ್ಣು ತಂದುಕೊಟ್ಟಿದ್ದಾನೆ.

ಅದನ್ನು ಬಂಗಾರದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ನಾನು ಬಿಚ್ಚಿ ನೋಡಿದೆ. ಹಣ್ಣಿನ ಮೇಲೆ ಮೇಲಿನ ಸಾಲು, ಕೆಳಗಿನ ಸಾಲು ಸ್ಪಷ್ಟವಾಗಿ ಮೂಡಿದ್ದವು.

“ಅಕ್ಕಾ, ಇದು ಗಿಳಿ ಕಚ್ಚಿದ್ದಲ್ಲ, ಹಲ್ಲ ಅದಾವ ನೋಡ್ರಿ” ಎಂದೆ.

ನಾದಿನಿ ಹಣ್ಣನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. “ಇರಲಿ ಬಿಡ. ಆ ಹಣ್ಣ ಮಾರಾಂವ ಪೂರಾ ಹಾದಿ ಕೇಳೂವಂಗ ಒದರತಿದ್ದ. ಅಷ್ಟು ಬಂದ್ರೂ ಸಾಕು.”

ಆಕಿ ಯಾರು?

ಔಷಧಿ ಮುಗಿದ ಮೇಲೆ ಸಂಶಯ ಶುರುವಾಯಿತು. ದಿನಕ್ಕೆ ನೂರು ಸಲ ಒಂದೇ ಶಬ್ದ, ಅದೂ ಕಣ್ಣೀರು ಹಾಕಿಕೊಂಡು ಅನ್ನುತ್ತಾರೆಂದರೆ ಅದು ಒಂದು ಹೆಣ್ಣಿನ ಹೆಸರೇ ಇರಬೇಕೆಂದು ಓಣಿ ತೀರ್ಮಾನ ಮಾಡಿತು. ಮೊದಲು ನಲ್ಲಿಯ ಹತ್ತಿರ, ಆಮೇಲೆ ಹಿಟ್ಟಿನ ಗಿರಣಿಯಲ್ಲಿ, ಕೊನೆಗೆ ನನ್ನ ಅಡುಗೆಮನೆಗೇ ಬಂತು ಆ ಸುದ್ದಿ. ತಂದವಳು ನಾದಿನಿಯೇ.

“ನೀ ಸಿಟ್ಟಾಗಬ್ಯಾಡ. ಅಷ್ಟು ವರ್ಷ ಒಬ್ಬಾಂವ ಇದ್ದ. ಗಂಡಸು. ಆಕೀನೂ ಪಾಪ, ಹೆಂಗದಾಳೋ ಏನೋ.”

ಕಾಣದ ಸವತಿಯ ಮೇಲೆ ಆಗಲೇ ನಾದಿನಿಗೆ ಕನಿಕರ ಹುಟ್ಟಿಬಿಟ್ಟಿತ್ತು! ನಾನು ಬಾಯಿಗೆ ಬಂದಂತೆ ಬೈದೆ. ಆದರೆ ಖರೆ ಹೇಳುತ್ತೇನೆ, ರೊಟ್ಟಿ ಬಡಿಯುತ್ತಿದ್ದ ಕೈ ನಿಂತುಹೋಯಿತು. ಇದ್ದರೆ ಏನು ಮಾಡಲಿ? ಜಗಳವಾಡಲು ಎದುರಿಗೆ ಗಂಡ ಬೇಕಲ್ಲ. ಉತ್ತರ ಕೊಡಲು ಬಾರದವನನ್ನು ಏನೆಂದು ಕೇಳುವುದು? ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಅವರಿಗೆ ಗಂಜಿ ಕುಡಿಸಿದೆ.

ಬಾಜೂ ಮನೆಯ ಆಪಾ ಒಬ್ಬಳೇ ನನ್ನ ಕಡೆ ನಿಂತಳು. ಬಳೆ ಅಂಗಡಿಯವಳು, ಊರ ಹೆಂಗಸರ ಕೈ ಹಿಡಿದು ಹಿಡಿದು ಮನಸ್ಸು ಓದುವುದು ಕಲಿತವಳು. ಇವರ ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಎರಡು ಸಲ ‘ಬಿಲಾಂಗ್’ ಅನ್ನಿಸಿಕೊಂಡು ಎದ್ದು ಬಂದಳು.

“ಅಕ್ಕೋರ, ಇದು ಹೆಣ್ಣಿನ ಹೆಸರು ಅಲ್ಲ ಬಿಡ್ರಿ. ಹೆಣ್ಣಿನ ಹೆಸರಾಗಿದ್ರ ನಿಮ್ಮ ಮುಂದ ಇಷ್ಟು ಧೈರ್ಯದಿಂದ ಅಂತಿದ್ರೇನ್ರಿ?”

ಹೇಳು ಅಂದರೆ ಏನು ಹೇಳುವುದು?

ರವಿವಾರ ಹುನಗುಂದದಿಂದ ಮಗಳು ಬಂದಳು. ನಮ್ಮ ಗೊಂದಲವನ್ನೆಲ್ಲ ಕೇಳಿ ಹಣೆ ಬಡಿದುಕೊಂಡು ತನ್ನ ಮೊಬೈಲಿನಲ್ಲಿ ಭಾಷಾಂತರದ ಆ್ಯಪ್ ತೆರೆದು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಅವರು ಅಂದರು. ಮೊಬೈಲು ಒಂದು ಕ್ಷಣ ಯೋಚಿಸಿ, ಅಚ್ಚ ಕನ್ನಡದಲ್ಲಿ, “ಹೇಳು” ಎಂದಿತು.

ಇಷ್ಟೇನಾ! ಹೆಣ್ಣಲ್ಲ, ಊರಲ್ಲ, ದೇವರಲ್ಲ. ಹೇಳು.

“ಯಾರು ಹೇಳೂದು? ಯಾರಿಗೆ?” ಎಂದಳು ನಾದಿನಿ. ಮಗಳು ಇನ್ನಷ್ಟು ಒತ್ತಿ ನೋಡಿದಳು. ಹೇಳಿದೆ ಎಂದರೂ ಅದೇ, ಹೇಳಿದಳು ಎಂದರೂ ಅದೇ, ನಾಳೆ ಹೇಳುತ್ತಾರೆ ಎಂದರೂ ಅದೇ ಬಿಲಾಂಗ್. ಕನ್ನಡ ಕಲಿಸಿದವಳು ನಾನು, ಒಂದು ‘ಹೇಳು’ವಿಗೆ ಹತ್ತಾರು ರೂಪ ಮಾಡಿಸಿ ಮಕ್ಕಳನ್ನು ಗೋಳುಹೊಯ್ದುಕೊಂಡವಳು. ಅಲ್ಲಿಯ ಮಕ್ಕಳ ಅದೃಷ್ಟ ನೋಡಿ ಹೊಟ್ಟೆಕಿಚ್ಚಾಯಿತು.

ಸುದ್ದಿ ಓಣಿಯಲ್ಲಿ ಹರಡಿದ್ದೇ ತಡ, ಮಾತಾಡಿಸಲು ಬರುವವರ ನಡೆಯೇ ಬದಲಾಯಿತು. ಮೊದಲು ಬಿಲಾಂಗ್ ಎಂದರೆ ಪಾಪ ಎನ್ನುತ್ತಿದ್ದರು. ಈಗ ಹಾಸಿಗೆ ಹಿಡಿದ ಮನುಷ್ಯ ಕಣ್ಣಲ್ಲಿ ಕಣ್ಣಿಟ್ಟು ‘ಹೇಳು’ ಎನ್ನುತ್ತಿದ್ದಾನೆ! ಬಂದವರಿಗೆ ತಮ್ಮ ತಮ್ಮ ಹಳೆಯ ತಪ್ಪುಗಳು ನೆನಪಾಗತೊಡಗಿದವು.

ಹಾಲಿನವನು ಬಾಗಿಲಲ್ಲೇ ಕೈ ಮುಗಿದ. “ಮೇಸ್ತ್ರಿ, ನೀರ್ ಬೆರಸಿದ್ದು ಖರೆ. ಬ್ಯಾಸಗ್ಯಾಗ ಅಷ್ಟರಿ.” ನನ್ನ ಹಳೆಯ ವಿದ್ಯಾರ್ಥಿ, ಈಗ ಗ್ರಾನೈಟ್ ಕಲ್ಲಿನ ದೊಡ್ಡ ವ್ಯಾಪಾರಿ, ಹಣ್ಣಿನ ಬುಟ್ಟಿ ಹಿಡಿದು ಬಂದವನು ಎರಡು ಸಲ ಬಿಲಾಂಗ್ ಕೇಳಿ ಬೆವೆತುಬಿಟ್ಟ. “ಸಾಲ್ಯಾಗ ಅಕ್ಕೋರ ಚಪ್ಲಿ ಭಾವ್ಯಾಗ ಒಗದಾಂವ ನಾನರಿ” ಎಂದ. ಆ ಚಪ್ಪಲಿಗಾಗಿ ನಾನು ಇಡೀ ತರಗತಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದೆ.

ನಾದಿನಿ ಮಾತ್ರ ಎಲ್ಲರೂ ಹೋಗಲಿ ಎಂದು ಕಾದಳು. ಸಂಜೆ ತಮ್ಮನ ಪಕ್ಕದಲ್ಲಿ ಕೂತಳು. ಚಿಕ್ಕಂದಿನಲ್ಲಿ ಅವ್ವ ಮಗ್ಗಕ್ಕೆ ಹಾಸು ಹೂಡಿದ್ದಾಗ ಆಟವಾಡುತ್ತ ಎಳೆಗಳನ್ನೆಲ್ಲ ಕತ್ತರಿಸಿದ್ದು ತಾನು, ಹೆದರಿ ತಮ್ಮನ ಹೆಸರು ಹೇಳಿದ್ದು ತಾನು ಎಂದಳು. ಅವ್ವ ಅವನನ್ನು ಕಂಬಕ್ಕೆ ಕಟ್ಟಿ ಹೊಡೆದಿದ್ದಳಂತೆ. “ನೀ ಆವತ್ತೂ ಬಾಯಿ ಬಿಡಲಿಲ್ಲೋ ತಮ್ಮಾ. ಇಷ್ಟು ವರ್ಷ ನನಗ ನಿದ್ದಿಯಾಗ ಆ ಹೊಡತ ಕೇಳಸ್ತಾವು” ಎಂದು ಅತ್ತಳು.

ಅವರು ಸರಿಯಿದ್ದ ಎಡಗೈಯಿಂದ ಅಕ್ಕನ ತಲೆ ಸವರಿದರು. ಬಾಗಿಲಲ್ಲಿ ನಿಂತ ನನಗೂ ಕಣ್ಣು ಮಂಜಾಯಿತು. ಸವರುತ್ತ ಸವರುತ್ತ ಮೆಲ್ಲಗೆ, “ಬಿಲಾಂಗ್” ಎಂದರು.

ನಾದಿನಿ ಥಟ್ಟನೆ ತಲೆ ಎತ್ತಿದಳು. “ಇನ್ನೂ ಅಂತಾನಲ್ಲ! ಇಷ್ಟ ಸಾಕೋ. ಉಳದದ್ದು ನಾ ಹೇಳಂಗಿಲ್ಲ!”

ಮೂರು ಬಾಯಿ ದಾಟಿ ಬಂದ ಮಾತು

ಎಲ್ಲರೂ ಹೇಳಿದರೂ ಅವರ ಬಿಲಾಂಗ್ ನಿಲ್ಲಲಿಲ್ಲ. ಯಾರಿಗೋ ಏನೋ ಹೇಳಬೇಕೆಂದು ಒದ್ದಾಡುತ್ತಿದ್ದಾರೆ, ಅದು ಬಾಯಿಗೆ ಬರುತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಆ ಸಂಕಟ ನೋಡಲಾಗದೆ ಮಗಳಿಗೆ ಹೇಳಿ ಗಿರಣಿಯಲ್ಲಿ ಅವರ ಜೊತೆ ದುಡಿದ ಒಬ್ಬ ಇಂಜಿನಿಯರನಿಗೆ ವಿಡಿಯೋ ಫೋನು ಹಚ್ಚಿಸಿದೆ. ಉತ್ತರ ಹಿಂದೂಸ್ತಾನದವನು, ಇನ್ನೂ ಅಲ್ಲೇ ಇದ್ದ. ಅವನಿಗೆ ಹಿಂದಿ, ನನಗೆ ಕನ್ನಡ. ನಡುವೆ ಉರ್ದು ಬಲ್ಲ ಆಪಾಳನ್ನು ಕೂರಿಸಿಕೊಂಡೆವು.

ಅವನು ಫೋನು ಹಿಡಿದುಕೊಂಡು ಗಿರಣಿಯ ಊಟದ ಮನೆಗೆ ನಡೆದ. ಅಲ್ಲಿ ತಲೆಗೆ ಅರಿವೆ ಸುತ್ತಿಕೊಂಡ, ನನ್ನ ವಯಸ್ಸಿನ ಅಡುಗೆಯ ಹೆಂಗಸೊಬ್ಬಳು ಇದ್ದಳು. ಪರದೆಯ ಮೇಲೆ ಇವರ ಮುಖ ಕಂಡದ್ದೇ ಸವುಟು ಕೆಳಗಿಟ್ಟು, “ಪಾಕ್ ಬಿಲಾಂಗ್!” ಎಂದು ಕೂಗಿದಳು. ಹಿಂದಿನಿಂದ ನಾಲ್ಕಾರು ಜನ ಓಡಿಬಂದರು. ಎಲ್ಲರ ಬಾಯಲ್ಲೂ ಪಾಕ್ ಬಿಲಾಂಗ್. ಪಾಕ್ ಎಂದರೆ ಅಲ್ಲಿ ಯಜಮಾನರು, ಅಪ್ಪಾವ್ರು ಎಂದು ಮರ್ಯಾದೆಯ ಮಾತಂತೆ. ಇವರ ಮುಖ ಅರಳಿತು. ಎಡಗೈ ಎತ್ತಿದರು. ಆಮೇಲೆ ಇವರ ಜೋತುಬಿದ್ದ ತುಟಿ ಗಮನಿಸಿ ಆ ಕಡೆ ನಗು ನಿಂತಿತು. ಅಡುಗೆಯವಳು ಕಣ್ಣಿಗೆ ಅರಿವೆ ಹಚ್ಚಿದಳು.

ಆಕೆ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಅವನು ಹಿಂದಿಯಲ್ಲಿ ಹೇಳಿದ. ಆಪಾ ತನ್ನ ಕಡೆಯಿಂದ ನಾಲ್ಕು ಸೇರಿಸಿ ಕನ್ನಡದಲ್ಲಿ ಹೇಳಿದಳು.

“ಅಕ್ಕೋರ, ದೊಡ್ಡ ಮಂದಿ ಭಾಷಣ ಮಾಡಿದ್ರ, ಪುಸ್ತಕದಾಗ ಬರದ್ರ ಅದಕ್ಕ ಬ್ಯಾರೆ ಮಾತು ಐತಂತ್ರಿ. ಈ ಬಿಲಾಂಗ್ ಮನಿ ಮಾತಂತ. ಗಂಡಾ ಹೆಂಡ್ತಿ, ಅವ್ವಾ ಮಗಳು, ಒಲಿ ಮುಂದ ಕುಂತು ಹೇಳ್ತಾರಲ್ರಿ, ಅದು.”

“ಇವರಿಗೆ ಯಾಕ ಆ ಹೆಸರು ಬಂತು ಕೇಳು.”

ಪ್ರಶ್ನೆ ಮೂರು ಬಾಯಿ ದಾಟಿ ಹೋಯಿತು. ಉತ್ತರ ಮೂರು ಬಾಯಿ ದಾಟಿ ಬಂತು. ಪಾಳಿ ಮುಗಿದ ಮೇಲೆ ಇವರು ಊಟದ ಮನೆಯ ಹೊರಗಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದರಂತೆ, ಕಿವಿಗೆ ಫೋನು ಹಚ್ಚಿಕೊಂಡು. ತಾಸುಗಟ್ಟಲೆ. ಇವರ ಬಾಯಿಂದ ಮಾತೇ ಇಲ್ಲ. ನಗುತ್ತಿದ್ದರಂತೆ, ತಲೆ ಆಡಿಸುತ್ತಿದ್ದರಂತೆ. ಆಗೊಮ್ಮೆ ಈಗೊಮ್ಮೆ ಒಂದೇ ಮಾತು, “ಹೇಳು.” ಯಾರಾದರೂ ಊಟಕ್ಕೆ ಕರೆದರೆ ಕೈ ಅಡ್ಡ ಹಿಡಿದು ಮತ್ತೆ, “ಹೇಳು.” ಹಾಗೆಂದರೇನು ಎಂದು ಇವಳೇ ಒಂದು ದಿನ ಕೇಳಿದ್ದಕ್ಕೆ, ನಮ್ಮಲ್ಲಿ ಹೇಳು ಎಂದರೆ ನಿಮ್ಮ ಬಿಲಾಂಗ್ ಎಂದರಂತೆ.

ಫೋನಿನಲ್ಲಿ ಆ ಕಡೆಯಿಂದ ಸದ್ದಿಲ್ಲದಿದ್ದರೆ, “ನಾ ಏನ್ ಗ್ವಾಡಿ ಜೋಡಿ ಮಾತಾಡಾಕತ್ತೇನೇನ್ರಿ?” ಎಂದು ಎಷ್ಟು ಸಲ ರೇಗಿದ್ದೆ. ಫೋನು ಎಲ್ಲೋ ಇಟ್ಟು ತಮ್ಮ ಕೆಲಸ ನೋಡುತ್ತಿರಬೇಕು ಎಂದುಕೊಂಡಿದ್ದೆ. ಈ ಮನುಷ್ಯ ಊಟ ಬಿಟ್ಟು ಬೆಂಚಿನ ಮೇಲೆ ಕೂತು ನನ್ನ ಮಾತು ಕೇಳುತ್ತಿದ್ದರು. ಈಗಲೂ ಅವರು ಏನನ್ನೋ ಹೇಳಲು ಒದ್ದಾಡುತ್ತಿರಲಿಲ್ಲ. ನನಗೆ ಹೇಳು ಎನ್ನುತ್ತಿದ್ದರು. ಓಣಿಯೆಲ್ಲ ಅವರ ಮುಂದೆ ಮಾತಾಡಿತು, ಬಾಯಿ ಮುಚ್ಚಿಕೊಂಡು ಅಡುಗೆಮನೆ ಸೇರಿದ್ದವಳು ನಾನೊಬ್ಬಳೇ.

ಅಳುತ್ತಿದ್ದ ನನ್ನನ್ನು ಪರದೆಯಲ್ಲಿ ಕಂಡು ಅಡುಗೆಯವಳು ಏನೋ ಕೇಳಿದಳು. ಆಪಾ ನಗು ತಡೆಯಲಾಗದೆ ಕೆಮ್ಮಿದಳು.

“ಅಕ್ಕೋರ, ಮೊದಲಿಗೆ ಅವರು ಹೇಳು ಅಂದ್ರ ನಿಮ್ಮ ಹೆಸರು ಅಂತ ತಿಳದಿದ್ರಂತ್ರಿ. ಅಲ್ಲಿ ಎಲ್ಲಾರೂ ನಿಮಗ ‘ಇಬು ಹೇಳು’ ಅಂತಾರಂತ. ಹೇಳು ಅವ್ವಾರು ಅಂತ. ಅಷ್ಟು ಹೊತ್ತು ಉಸರ ಬಿಡದ ಮಾತಾಡೂ ಹೆಂಗಸು ಈಕೀನ ಏನು ಅಂತ ಕೇಳಾಕತ್ತಾರ.”

ಇಳಕಲ್ಲಿನಲ್ಲಿ ಗುಟ್ಟಾಗಿ ಉಳಿದದ್ದು ಏನೂ ಇರಲಿಲ್ಲ, ಸಮುದ್ರದಾಚೆ ನನ್ನ ಮಾನ ಉಳಿದಿದೆ ಎಂದುಕೊಂಡಿದ್ದೆ. ಅದೂ ಹೋಯಿತು.

ಶಿರಾ ಬೇಡಿದವರು

ಮರುದಿನದಿಂದ ನಾನು ಹೇಳತೊಡಗಿದೆ. ಕುರ್ಚಿ ಹಾಕಿಕೊಂಡು ಕೂತರೆ ಮುಗಿಯಿತು. ಸಂತೆಯಲ್ಲಿ ಬದನೆಕಾಯಿ ಹೇಗಿತ್ತು, ಐಹೊಳೆಗೆ ಹೋದ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಯಾರ ಮನೆಯ ನಿಶ್ಚಿತಾರ್ಥ ಯಾಕೆ ಮುರಿಯಿತು. ನಾನು ಉಸಿರು ತೆಗೆದುಕೊಳ್ಳಲು ನಿಂತರೆ ಅವರು “ಬಿಲಾಂಗ್” ಎನ್ನುವರು. ಆ ಶಬ್ದ ಹೇಳುವಾಗ ಈಗ ಕಣ್ಣೀರು ಇರಲಿಲ್ಲ.

ಒಂದು ದಿನ ಹೆಣ್ಣು ನೋಡಿದ ಕಥೆ ಬಂತು. ಇದು ನನ್ನ ಬಹಳ ಹಳೆಯ ಕಥೆ, ಓಣಿಯಲ್ಲಿ ಕೇಳದವರಿಲ್ಲ. ಇವರು ನನ್ನನ್ನು ನೋಡಲು ಬಂದಾಗ ನಮ್ಮವ್ವ ಮಾಡಿದ ಶಿರಾವನ್ನು ಮೂರು ಸಲ ಬೇಡಿ ತಿಂದರು, ನನ್ನ ಮುಖವನ್ನೇ ನೋಡಲಿಲ್ಲ, ಶಿರಾ ನೋಡಿಯೇ ಮದುವೆಯಾದರು ಎಂದು. ಆಪಾ ಕೂತಿದ್ದಳು, ನಾದಿನಿ ಕಾಳು ಆರಿಸುತ್ತಿದ್ದಳು. ನಾನು ರಂಗಾಗಿ ಹೇಳುತ್ತ ಮೂರನೆಯ ಸಲ ಬೇಡಿದ ಜಾಗಕ್ಕೆ ಬಂದಿದ್ದೆ. ಹಾಸಿಗೆಯಿಂದ ಒಂದು ದನಿ ಬಂತು.

“ಸುಳ್ಳ!”

ಮೂವರೂ ಹಾಸಿಗೆಯ ಕಡೆ ತಿರುಗಿದೆವು.

“ಸುಳ್ಳ” ಎಂದರು ಮತ್ತೆ. ಹುಬ್ಬು ಗಂಟಿಕ್ಕಿತ್ತು.

ಎಷ್ಟು ಬಜೆ, ಎಷ್ಟು ಗಂಟೆಯ ನೀರು, ಎಷ್ಟು ಹರಕೆ! ಯಾವುದಕ್ಕೂ ಬಾರದ ಕನ್ನಡ ಹೆಂಡತಿಯ ಮಾತನ್ನು ಸುಳ್ಳು ಮಾಡಲು ಬಂತು. ನಾನು ಅವರ ಕೈಯಲ್ಲಿ ಮುಖ ಇಟ್ಟು ಬಿಕ್ಕಿಬಿಕ್ಕಿ ಅತ್ತೆ. ಇಷ್ಟು ವರ್ಷ ನಾನು ಊರೆಲ್ಲ ಹೇಳುವಾಗ ಸುಮ್ಮನೆ ಕೂತು ಕೇಳಿದವರು, ಒಳಗೆ ಎಷ್ಟು ಸಲ ಈ ಮಾತು ನುಂಗಿರಬೇಕು!

ನಾದಿನಿ ಕಾಳಿನ ಮೊರ ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡಳು.

“ಅಂವ ಖರೇನ ಹೇಳಾಕತ್ತಾನ. ಆವತ್ತು ಶಿರಾ ಬೇಡಿದಾಕಿ ನಾನು.”

ಸ್ವಲ್ಪ ನಿಂದರ್ರಿ

ಸುಳ್ಳು ಹೇಳಿದ ಮಕ್ಕಳಿಗೆ ಅಂಗೈ ಮೇಲೆ ಕೋಲಿನಿಂದ ಕೊಟ್ಟವಳು ನಾನು. ಅವರ ಬಾಯಿಂದ ಆ ಒಂದು ಕನ್ನಡದ ಮಾತು ಬರಲೆಂದು ಆ ದಿನದಿಂದ ಸುಳ್ಳು ಹೇಳುವುದೇ ನನ್ನ ಕೆಲಸವಾಯಿತು. ಬೆಳಗ್ಗೆ ಎದ್ದರೆ ಇವತ್ತು ಯಾವುದು ಹೇಳಲಿ ಎಂಬುದೇ ಚಿಂತೆ.

“ಇವತ್ತು ಇಳಕಲ್ಲಾಗ ಹಿಮಾ ಬಿತ್ತರಿ.”

“ಸುಳ್ಳ.”

“ಆಪಾ ಬಳಿ ಅಂಗಡಿ ಬಿಟ್ಟು ಇಮಾನ ಹಾರ್ಸಾಕ ಹೊಂಟಾಳ್ರಿ.”

“ಸುಳ್ಳ.”

“ಅಕ್ಕ ಇವತ್ತು ಸಾರಿಗೆ ಉಪ್ಪು ಸರಿ ಹಾಕ್ಯಾರ್ರಿ.”

“ಸುಳ್ಳ!” ಅದು ಎಲ್ಲಕ್ಕಿಂತ ಜೋರಾಗಿ ಬಂತು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾಯಿತು.

ಅಷ್ಟರಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಮತ್ತೆ ಬಾಗಲಕೋಟೆ, ಮತ್ತೆ ಅದೇ ಡಾಕ್ಟರು. ಈ ಸಲ ಅವರು ಪೆನ್ನು ತೋರಿಸಲಿಲ್ಲ. ನನ್ನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಮನೆಯವರ ನಡುವೆ ಇರಲಿ ಎಂದರು. ಅವರ ಪುಸ್ತಕದ ಕನ್ನಡವೂ ಆಗ ತೊದಲುತ್ತಿತ್ತು.

ಮನೆಗೆ ತಂದೆವು. ಊರಿಗೆ ಸುದ್ದಿ ಹೋಗಿತ್ತು. ಮಧ್ಯಾಹ್ನವೇ ಹೆಂಗಸರು, ಗಂಡಸರು ಕಟ್ಟೆಯ ಮೇಲೆ ಸೇರತೊಡಗಿದರು. ಕೊನೆಯ ಸಲ ಮಾತಾಡಿಸಲು ಬಂದವರು. ನಾದಿನಿ ತಮ್ಮನ ಹಣೆಗೆ ವಿಭೂತಿ ಹಚ್ಚಿ ಹೊರಗೆ ಹೋದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಎಂದೂ ಮಾತಿಗೆ ಬರ ಬಾರದ ನನಗೆ ಅಂದು ಬಂತು. ಕೊನೆಗೆ ಕೈ ಹಿಡಿದು, “ನೀವು ಆರಾಮ ಆಗ್ತೀರಿ” ಎಂದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ತುಟಿಯ ಸರಿಯಿದ್ದ ತುದಿ ಸ್ವಲ್ಪ ಮೇಲೆ ಹೋಯಿತು.

“ಸುಳ್ಳ.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಈ ಸಲ ಅಳುವನ್ನು ತಡೆಯಲು. “ಹೂಂನ್ರಿ. ಸುಳ್ಳ” ಎಂದೆ.

ಅವರು ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತ, ಬಹಳ ನಿಧಾನವಾಗಿ, “ಬಿಲಾಂಗ್” ಎಂದರು.

ಹೇಳಿದೆ. ಬರುವ ತಿಂಗಳು ಎದ್ದು ಅಡ್ಡಾಡ್ತೀರಿ ಎಂದೆ. ಸುಳ್ಳ ಎಂದರು. ಇಬ್ಬರೂ ಕೈ ಹಿಡಕೊಂಡು ಬಾದಾಮಿ ಗುಡ್ಡ ಹತ್ತೂನು, ಮಂಗ್ಯಾ ಬಂದು ನಿಮ್ಮ ಕನ್ನಡಕ ಕಸಗೊಂಡು ಹೋಗ್ತೈತಿ, ನೀವು ಆ ಮಂಗ್ಯಾಗ ಬಾಯಿತುಂಬ ಬೈತೀರಿ ಎಂದೆ. ಸುಳ್ಳ ಎಂದರು. ನಾನು ಸುಮ್ಮನ ಕುಂತು ಕೇಳ್ತೇನಿ, ನಡುವ ಒಂದ ಮಾತೂ ಆಡಂಗಿಲ್ಲ ಎಂದೆ. ಅದಕ್ಕೆ ಅವರಿಗೆ ಸುಳ್ಳ ಎನ್ನಲೂ ಆಗಲಿಲ್ಲ. ಎದೆ ಕುಲುಕಿತು, ಗಂಟಲಿನಿಂದ ಗೊರಗೊರ ಸದ್ದು ಬಂತು. ನಗುತ್ತಿದ್ದರು. ನಾನೂ ನಕ್ಕೆ. ಕಣ್ಣಿನ ನೀರು ಕೆನ್ನೆಯಿಂದ ಅವರ ಕೈ ಮೇಲೆ ಬೀಳುತ್ತಿತ್ತು, ನಗು ನಿಲ್ಲಲೇ ಇಲ್ಲ.

ಹೊರಗೆ ಕಟ್ಟೆಯ ಮೇಲಿನ ಅಳು ನಿಂತಿತು. ಯಾರೋ ಗಾಬರಿಯಾಗಿ ಒಳಗೆ ಬರಲು ಹೆಜ್ಜೆ ಇಟ್ಟ ಸದ್ದು ಕೇಳಿಸಿತು. ಬಾಗಿಲಲ್ಲಿ ನಾದಿನಿ ಅಡ್ಡ ನಿಂತಳು.

“ಸ್ವಲ್ಪ ನಿಂದರ್ರಿ. ಒಳಗ ಗಂಡಾ ಹೆಂಡ್ತಿ ಮಾತಾಡಾಕತ್ತಾರ.”